ಗುಡುಗುವ ಕನ್ನಡದ ಬಾಯಿ ಕಟ್ಟಿದವರು ಯಾರು?



ನಿಮ್ಮ ಮಗ ಯಾವ ಭಾಷೆಯಲ್ಲಿ ಸಿಟ್ಟು ಮಾಡುತ್ತಾನೆ? ನಾನು ಅವನ ಅಂಕಪಟ್ಟಿ ಕೇಳುತ್ತಿಲ್ಲ. ನವೆಂಬರ್ ಒಂದರಂದು ಕೆಂಪು-ಹಳದಿ ಶಾಲು ಹೊದ್ದು ತೆಗೆಸಿಕೊಂಡ ಫೋಟೋವನ್ನೂ ಕೇಳುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಕದ ಹಾಕಿಕೊಂಡು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಎದೆಯ ಉರಿ ಆರಿಸಿಕೊಳ್ಳಲು ಅವನು ಕೇಳುವ ಹಾಡು ಯಾವ ಭಾಷೆಯದು? ಎದ್ದು ಹೋಗಿ ಕೇಳಿ ಬನ್ನಿ. ಹತ್ತರಲ್ಲಿ ಎಂಟು ಮನೆಯ ಉತ್ತರ ನಾನೇ ಹೇಳುತ್ತೇನೆ: ಕನ್ನಡವಂತೂ ಅಲ್ಲ!

ನಾಮಫಲಕ, ನೌಕರಿ, ಗಡಿ, ನದಿನೀರು ಎಂದು ಈ ಪುಟಗಳಲ್ಲಿ ಓದಿ ಓದಿ ನಿಮಗೆ ರೂಢಿಯಾಗಿದೆ. ಚಿಕ್ಕೇರೂರಿನ ಒಬ್ಬ ಮುದ್ರಣಾಲಯದವನು ಹೆವಿ ಮೆಟಲ್ ಸಂಗೀತದ ಮೇಲೆ ಬರೆಯಲು ಕುಳಿತಿದ್ದಾನೆ ಎಂದರೆ ನಗು ಬರುವುದು ಸಹಜ. ನಗಿ. ನಕ್ಕು ಮುಗಿದ ಮೇಲೆ ಓದಿ. ನಾಮಫಲಕದ ಮೇಲೆ ಕನ್ನಡ ಬರೆಸುವುದು ಸುಲಭ. ಇಪ್ಪತ್ತು ವರ್ಷದ ಹುಡುಗನ ಗಂಟಲೊಳಗೆ ಕನ್ನಡ ಇಳಿಸುವುದು ಕಷ್ಟ. ಆ ಕಷ್ಟದ ಕೆಲಸದ ಮಾತು ಇದು.

ಬೆಂಗಳೂರಿನಲ್ಲಿ ಹುಟ್ಟಿತು, ಜರ್ಮನಿಯಲ್ಲಿ ಮೆರೆಯಿತು

1998ರಲ್ಲಿ ಬೆಂಗಳೂರಿನಲ್ಲಿ ಕ್ರಿಪ್ಟೋಸ್ ಎಂಬ ಹೆವಿ ಮೆಟಲ್ ತಂಡ ಹುಟ್ಟಿತು. 2004ರಲ್ಲಿ 'ಸ್ಪೈರಲ್ ಅಸೆಂಟ್' ಎಂಬ ಮೊದಲ ಆಲ್ಬಂ. 2008ರಲ್ಲಿ 'ದಿ ಆರ್ಕ್ ಆಫ್ ಜೆಮಿನಿ', 2012ರಲ್ಲಿ 'ದಿ ಕಾಯಿಲ್ಸ್ ಆಫ್ ಅಪೋಲಿಯನ್'. 2013ರಲ್ಲಿ ಈ ತಂಡ ಜರ್ಮನಿಯ ವಾಕೆನ್ ಮೇಳದ ವೇದಿಕೆ ಹತ್ತಿತು. 2016ರಲ್ಲಿ ಬಂದ 'ಬರ್ನ್ ಅಪ್ ದ ನೈಟ್' ಆಲ್ಬಮ್ಮನ್ನು ಜರ್ಮನಿಯ ಎಎಫ್‌ಎಂ ಎಂಬ ಕಂಪನಿಯೇ ಹೊರತಂದಿತು. ಆಮೇಲೆ ಅದೇ ಕಂಪನಿಯಿಂದ 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್'. ಇಪ್ಪತ್ತು ವರ್ಷದಲ್ಲಿ ಏಳು ಆಲ್ಬಂ! ಸಿನಿಮಾದ ಹಂಗಿಲ್ಲ, ಸರಕಾರದ ಅನುದಾನವಿಲ್ಲ, ಯಾವ ಮಂತ್ರಿಯ ಶಿಫಾರಸಿಲ್ಲ.

ವಾಕೆನ್ ಎಂದರೆ ಏನೆಂದುಕೊಂಡಿರಿ? ಮಹಾನಗರವಲ್ಲ. ಉತ್ತರ ಜರ್ಮನಿಯ ಒಂದು ಹಳ್ಳಿ. ಸುಮಾರು ಎರಡು ಸಾವಿರ ಜನ, ನಮ್ಮ ಚಿಕ್ಕೇರೂರಿಗಿಂತ ಸಣ್ಣದು. 1990ರಲ್ಲಿ ಅಲ್ಲಿ ಮೊದಲ ಮೇಳ ನಡೆದಾಗ ಸೇರಿದ್ದು ಎಂಟುನೂರರಷ್ಟು ಮಂದಿ. ಈಗ ಎಂಬತ್ತು ಸಾವಿರದ ಆಸುಪಾಸು. ಮೇಳದ ದಿನ ಆ ಊರಿನ ಅಗ್ನಿಶಾಮಕ ದಳದ ಊದುವ ವಾದ್ಯದವರೂ ವೇದಿಕೆ ಹತ್ತುತ್ತಾರೆ, ನಮ್ಮ ಜಾತ್ರೆಯಲ್ಲಿ ಬ್ಯಾಂಡಿನವರು ಮುಂದೆ ನಡೆದಂತೆ. ಅಂಥ ಹಳ್ಳಿಯ ಮೈದಾನದಲ್ಲಿ ಬೆಂಗಳೂರಿನ ಹುಡುಗರು ನಿಂತು ಗುಡುಗಿದರು. ಹೆಮ್ಮೆಯ ಸಂಗತಿ ತಾನೇ?

ಹೌದು, ಹೆಮ್ಮೆಯ ಸಂಗತಿ. ಆದರೆ ಮುಂದೆ ಕೇಳಿ. ಅದೇ 2013ರಲ್ಲಿ, ಅದೇ ವಾಕೆನ್‌ನ ದೊಡ್ಡ ವೇದಿಕೆಯಲ್ಲಿ ರಾಮ್‌ಸ್ಟೈನ್ ಎಂಬ ತಂಡವೂ ಹಾಡಿತು. ಯಾವ ಭಾಷೆಯಲ್ಲಿ? ತನ್ನ ತಾಯಿನುಡಿ ಜರ್ಮನ್‌ನಲ್ಲಿ. ಬೆಂಗಳೂರಿನ ತಂಡ ಹಾಡಿದ್ದು ಇಂಗ್ಲಿಷಿನಲ್ಲಿ. ಜರ್ಮನ್ನನಿಗೆ ಜರ್ಮನ್ ಸಾಕಾಯಿತು, ಜರ್ಮನಿಗೆ ಹೋದ ಬೆಂಗಳೂರಿಗೆ ಇಂಗ್ಲಿಷ್ ಬೇಕಾಯಿತು!

ನಾಲ್ಕು ಪ್ಲೇಟಿನ ಕೆಲಸ

ಈ ಹುಡುಗರನ್ನು ಬೈಯಲು ಹೊರಟಿದ್ದೇನೆ ಎಂದುಕೊಳ್ಳಬೇಡಿ. ಅವರ ಕೆಲಸ ಎಂಥದ್ದು ಎಂದು ಮೊದಲು ತಿಳಿಯಿರಿ.

ನಾಲ್ಕು ಜನ ಒಟ್ಟಿಗೆ ನಿಂತು ಬಾರಿಸಿದರು, ಯಂತ್ರ ಹಿಡಿದುಕೊಂಡಿತು, ಆಲ್ಬಂ ಆಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಆಫ್‌ಸೆಟ್ ಅಚ್ಚು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಬಣ್ಣದ ಒಂದು ಲಗ್ನಪತ್ರಿಕೆ ಅಚ್ಚಾಗಬೇಕಾದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು ಬೇಕು. ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಸರಿದರೆ ಗಣಪತಿಗೆ ಎರಡು ಸೊಂಡಿಲು! ಮೆಟಲ್ ಆಲ್ಬಂ ಕಟ್ಟುವುದೂ ಸಾಮಾನ್ಯವಾಗಿ ಹೀಗೆಯೇ. ಮೊದಲು ಡ್ರಮ್ಸ್. ಬಾರಿಸುವವನ ಕಿವಿಯಲ್ಲಿ ಟಕ್ ಟಕ್ ಎಂದು ತಾಳ ಬಡಿಯುತ್ತಿರುತ್ತದೆ, ಒಂದು ಏಟು ಹಿಂದುಮುಂದಾದರೆ ಮತ್ತೆ ಮೊದಲಿನಿಂದ. ಅದರ ಮೇಲೆ ಬೇಸ್ ಗಿಟಾರ್. ಅದರ ಮೇಲೆ ಗಿಟಾರ್. ಒಂದೇ ಪಟ್ಟನ್ನು ಎರಡು ಸಲ ನುಡಿಸಿ ಒಂದನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಕೂರಿಸುತ್ತಾರೆ. ಗೋಡೆಯಂತೆ ಎದುರು ನಿಲ್ಲುವ ಆ ಸದ್ದು ಹುಟ್ಟುವುದು ಹಾಗೆ. ಕೊನೆಗೆ ಗಂಟಲು. ಆಮೇಲೆ ಎಲ್ಲವನ್ನೂ ಹದವಾಗಿ ಬೆರೆಸುವ ಕೆಲಸ, ಅದಾದ ಮೇಲೆ ಹೊಳಪು ಕೊಡುವ ಕೆಲಸ. ಇಷ್ಟನ್ನು 'ಗದ್ದಲ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವನು ಕೈಯಾರೆ ಕೆಲಸ ಮಾಡಿದವನಲ್ಲ.

ನಮ್ಮ ಅಚ್ಚಿನಲ್ಲಿ ಅಕ್ಷರ ಬರುವುದು ಕಪ್ಪು ಪ್ಲೇಟಿನಲ್ಲಿ. ಇವರ ಅಚ್ಚಿನಲ್ಲಿ ಗಂಟಲೇ ಕಪ್ಪು ಪ್ಲೇಟು. ಬೆವರು ನಮ್ಮ ನೆಲದ್ದು, ಕೈ ನಮ್ಮ ನೆಲದ್ದು, ಕರೆಂಟೂ ನಮ್ಮ ನೆಲದ್ದು. ಆ ಕಪ್ಪು ಪ್ಲೇಟು ಮಾತ್ರ ಹೊರಗಿನದು!

ಮುದ್ರಣದವನಾಗಿ ನನಗೆ ಇನ್ನೊಂದು ಮಾತು ಚುಚ್ಚುತ್ತದೆ. 1843ರಲ್ಲಿ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ತಂದು ಕನ್ನಡದಲ್ಲಿ ಪತ್ರಿಕೆ ಎಂಬುದನ್ನು ಶುರುಮಾಡಿದವರು ಹರ್ಮನ್ ಮೋಗ್ಲಿಂಗ್. 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟವರು ಕಿಟೆಲ್. ಇಬ್ಬರೂ ಜರ್ಮನಿಯಿಂದ ಬಂದವರು. ಆ ಜರ್ಮನಿ ನಮಗೆ ಕನ್ನಡದ ಅಚ್ಚು ಕಟ್ಟಿಕೊಟ್ಟಿತು. ನಾವು ತಿರುಗಿ ಕಳಿಸಿದ್ದು ಕನ್ನಡವಿಲ್ಲದ ಹಾಡು.

ಇಲ್ಲಿ ಯಾರು ಕೇಳಿದರು?

ಆಲ್ಬಂ ಹೊರಬಂದಾಗ ಹೊರದೇಶದ ಮೆಟಲ್ ಪತ್ರಿಕೆಗಳು ವಿಮರ್ಶೆ ಬರೆದವು. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳೂ ಬರೆದವು. ಕನ್ನಡದಲ್ಲಿ? ನನ್ನ ಮುದ್ರಣಾಲಯಕ್ಕೆ ದಿನವೂ ಮೂರು ಕನ್ನಡ ಪತ್ರಿಕೆ ಬರುತ್ತವೆ. ಕ್ರಿಪ್ಟೋಸ್‌ನ ಒಂದು ಆಲ್ಬಮ್ಮಿನ ವಿಮರ್ಶೆಯೂ ಈ ವರ್ಷಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಸಿನಿಮಾದ ಧ್ವನಿಸುರುಳಿ ಬಿಡುಗಡೆಯ ಅರ್ಧಪುಟದ ಫೋಟೋ ಬಿದ್ದಿದೆ. ನಟನ ಹುಟ್ಟುಹಬ್ಬದ ಕೇಕು ಬಿದ್ದಿದೆ. ಇದು ಬೀಳಲಿಲ್ಲ.

ಬೆಂಗಳೂರಿನ ಅರಮನೆ ಮೈದಾನವನ್ನೇ ನೋಡಿ. 2005ರಲ್ಲಿ ಅಲ್ಲಿ ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ. ಜನಸಾಗರ! ಎರಡೇ ವರ್ಷದ ನಂತರ, 2007ರ ಮಾರ್ಚ್ 17ರಂದು, ಅದೇ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್. ಮತ್ತೆ ಜನಸಾಗರ! 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಾಲಿಕಾ. ಮತ್ತೂ ಜನಸಾಗರ! ಮೈದಾನ ಒಂದೇ, ಸಾಗರ ಮಾತ್ರ ಎರಡು. ಈ ಸಾಗರಕ್ಕೂ ಆ ಸಾಗರಕ್ಕೂ ಒಂದು ಕಾಲುವೆ ತೋಡೋಣ ಎಂದು ಯಾರಿಗಾದರೂ ಅನ್ನಿಸಿತೇ?

ಇಬ್ಬರದೂ ಒಂದೇ ಅವಮಾನ

ಇಂಗ್ಲಿಷಿನಲ್ಲಿ ಹಾಡುವ ಹುಡುಗರನ್ನು ಕೇಳಿ ನೋಡಿ. "ಮೆಟಲ್‌ಗೆ ಕನ್ನಡ ಹೊಂದುವುದಿಲ್ಲ" ಎನ್ನುವವರು ಸಿಗುತ್ತಾರೆ. ನಮ್ಮ ಹೋರಾಟದ ಹಿರಿಯರನ್ನು ಕೇಳಿ. "ಕನ್ನಡಕ್ಕೆ ಮೆಟಲ್ ಹೊಂದುವುದಿಲ್ಲ" ಎನ್ನುತ್ತಾರೆ. ಮಾತು ತಿರುಗುಮುರುಗು, ಅರ್ಥ ಒಂದೇ! ಕನ್ನಡ ಎಂದರೆ ಭಾವಗೀತೆ, ಭಜನೆ, ಜೋಗುಳ. ಅದಕ್ಕೆ ಮೃದುವಾಗಿ ಮಾತಾಡಲು ಬರುತ್ತದೆ, ಅರಚಲು ಬರುವುದಿಲ್ಲ. ಒಬ್ಬ ಇದನ್ನು ಬೈಗುಳವಾಗಿ ಹೇಳುತ್ತಾನೆ, ಇನ್ನೊಬ್ಬ ಹೊಗಳಿಕೆಯಾಗಿ. ಭಾಷೆಗೆ ಆಗುವ ಅವಮಾನ ಮಾತ್ರ ಒಂದೇ.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಓದುವ ನಮ್ಮ ಸೀಮೆಯ ಹುಡುಗನೊಬ್ಬ ತನ್ನ ತಂಡದ ಪೋಸ್ಟರ್ ಅಚ್ಚು ಹಾಕಿಸಲು ಬಂದಿದ್ದ. ಒಂದಕ್ಷರ ಕನ್ನಡವಿಲ್ಲ. ಯಾಕಪ್ಪ ಎಂದೆ. "ಕನ್ನಡದಾಗ ಹಾಕಿದ್ರ ಭಜನಾ ಮಂಡಳಿ ಅಂತ ತಿಳ್ಕೋತಾರ ಅಂಕಲ್" ಎಂದ. ಹುಡುಗ ಅಚ್ಚಕನ್ನಡದವನು, ಕನ್ನಡ ಶಾಲೆಯಲ್ಲೇ ಓದಿದವನು. ಅವನ ತಪ್ಪೇ ಇದು? ನಾವು ಕಟ್ಟಿಕೊಟ್ಟ ಕನ್ನಡದ ಚಿತ್ರವೇ ಅಂಥದ್ದು! ಭುವನೇಶ್ವರಿಯನ್ನು ಗುಡಿಯಲ್ಲಿ ಕೂರಿಸಿ ಆರತಿ ಎತ್ತಿದೆವು, ಅಂಗಳಕ್ಕೆ ಇಳಿಯಲು ಬಿಡಲಿಲ್ಲ.

'ಹೊಂದುವುದಿಲ್ಲ' ಎಂಬ ಮಾತು ನಮ್ಮ ಕಸುಬಿಗೆ ಹೊಸದಲ್ಲ. ಅಚ್ಚುಮೊಳೆಯ ಕಾಲದಲ್ಲಿ ಇಂಗ್ಲಿಷಿಗೆ ಇಪ್ಪತ್ತಾರು ದೊಡ್ಡಕ್ಷರ, ಇಪ್ಪತ್ತಾರು ಸಣ್ಣಕ್ಷರ ಇದ್ದರೆ ಆಯಿತು. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ. "ಕನ್ನಡ ಯಂತ್ರಕ್ಕೆ ಹೊಂದುವುದಿಲ್ಲ" ಎಂದರು. ಜೋಡಿಸಿದೆವು. ಗಣಕಯಂತ್ರ ಬಂದಾಗ ಮತ್ತೆ ಅದೇ ರಾಗ. ಕೆ.ಪಿ. ರಾವ್ ಅವರಂಥವರು ಕುಳಿತು ಕೀಲಿಮಣೆ ಕಟ್ಟಿದರು, 1998ರಲ್ಲಿ 'ಬರಹ' ಬಂತು, ಆಮೇಲೆ 'ನುಡಿ' ಬಂತು. ಈಗ ಹೊಂದಿತಲ್ಲ! ಭಾಷೆ ತಾನಾಗಿ ಯಾವುದಕ್ಕೂ ಹೊಂದುವುದಿಲ್ಲ. ಬೆವರು ಸುರಿಸಿ ಹೊಂದಿಸುವವರು ಬೇಕು.

ಸ್ವರದ ನೆಪ

ಸಂಗೀತ ಬಲ್ಲ ಕೆಲವರು ಒಂದು ಶಾಸ್ತ್ರೀಯ ಕಾರಣವನ್ನೂ ಕೊಡುತ್ತಾರೆ. ಕನ್ನಡದ ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ, ಇಂಗ್ಲಿಷ್ ಪದ ವ್ಯಂಜನದಲ್ಲಿ ಕಡಿದು ನಿಲ್ಲುತ್ತದೆ, ಮೆಟಲ್‌ಗೆ ಬೇಕಾದ್ದು ಆ ಕಡಿತ ಎಂದು. ಕೇಳಲು ಚೆನ್ನಾಗಿದೆ. ಹಾಗಾದರೆ ನ್ಯೂಜಿಲೆಂಡಿಗೆ ಹೋಗೋಣ ಬನ್ನಿ.

ಅಲ್ಲಿನ ಮೂಲನಿವಾಸಿಗಳು ಮಾವೊರಿಗಳು. ಅವರ ನುಡಿಯಲ್ಲಿ ಒಂದೊಂದು ಉಚ್ಚಾರದ ತುಂಡೂ ಸ್ವರದಲ್ಲೇ ಮುಗಿಯುತ್ತದೆ, ನಮಗಿಂತ ಹೆಚ್ಚು. ಏಲಿಯನ್ ವೆಪನ್ರಿ ಎಂಬ ಹುಡುಗರ ತಂಡ 2018ರಲ್ಲಿ ಆ ನುಡಿಯ ಹಾಡುಗಳೂ ಇರುವ 'ಟೂ' ಎಂಬ ಮೆಟಲ್ ಆಲ್ಬಂ ತಂದಿತು. ಅದರಲ್ಲಿ ಒಂದು ಹಾಡು, 1863ರಲ್ಲಿ ಬ್ರಿಟಿಷರ ಸರಕಾರ ಕಾನೂನು ಮಾಡಿ ಮಾವೊರಿಗಳ ನೆಲ ಕಿತ್ತುಕೊಂಡದ್ದರ ಮೇಲೆ. ಇನ್ನೊಂದು, 1864ರ ಕಾಳಗದ ಮೇಲೆ. ಆ ಕಾಳಗದಲ್ಲಿ ಈ ಹುಡುಗರ ಪೂರ್ವಜನೇ ಹೋರಾಡಿ ಮಡಿದಿದ್ದ. ಆಲ್ಬಂ ಯುರೋಪಿನ ದೊಡ್ಡ ಮೆಟಲ್ ಕಂಪನಿಯಿಂದ ಹೊರಬಂತು, ತಂಡ ಯುರೋಪು ಅಮೆರಿಕ ಎಲ್ಲ ಸುತ್ತಿತು. ಭಾಷೆ ತಿಳಿಯದ ಜನ ಕೇಳಿ ಕುಣಿದರು.

ಈ ಹುಡುಗರಿಗೆ ಆ ನುಡಿ ಬಂದದ್ದೆಲ್ಲಿಂದ? ಇಲ್ಲಿ ಕಿವಿಗೊಡಿ! ತಂಡ ಕಟ್ಟಿದ ಅಣ್ಣತಮ್ಮಂದಿರು ಚಿಕ್ಕಂದಿನಲ್ಲಿ ಓದಿದ್ದು ಮಾವೊರಿ ಮಾಧ್ಯಮದ ಶಾಲೆಯಲ್ಲಿ. ಸಾಯುತ್ತಿದ್ದ ತಮ್ಮ ನುಡಿ ಉಳಿಸಲು ಮಾವೊರಿಗಳು 'ನುಡಿಗೂಡು' ಎಂಬ ಶಿಶುವಿಹಾರಗಳನ್ನು ಶುರುಮಾಡಿದ್ದು 1982ರಲ್ಲಿ. 1982! ನಮ್ಮಲ್ಲಿ ಗೋಕಾಕ್ ಚಳವಳಿ ಬೀದಿಗಿಳಿದ ವರ್ಷ. ಆ ವರದಿ ಬರೆದ ವಿ.ಕೃ. ಗೋಕಾಕರು ನಮ್ಮ ಸವಣೂರಿನಲ್ಲಿ ಹುಟ್ಟಿದವರು. ಅಲ್ಲೊಂದು ಚಳವಳಿ, ಇಲ್ಲೊಂದು ಚಳವಳಿ, ಒಂದೇ ವರ್ಷ. ಅವರ ಚಳವಳಿ ಮಕ್ಕಳ ಗಂಟಲಿಗೆ ಇಳಿಯಿತು. ನಮ್ಮದು ಅಂಕಪಟ್ಟಿಗೆ ಇಳಿದು ಅಲ್ಲೇ ಕುಳಿತಿತು.

ಇನ್ನೂ ಸಾಕ್ಷಿ ಬೇಕೇ? ರಾಮ್‌ಸ್ಟೈನ್ ತಂಡದ 1997ರ ಜರ್ಮನ್ ಆಲ್ಬಂ 'ಝೇನ್‌ಜುಖ್ಟ್' ಅಮೆರಿಕದಲ್ಲೇ ಹತ್ತು ಲಕ್ಷ ಪ್ರತಿಯ ಗಡಿ ದಾಟಿತು. ಬ್ರೆಜಿಲಿನ ಸೆಪುಲ್ಟುರಾ ತಂಡ 1996ರ 'ರೂಟ್ಸ್' ಆಲ್ಬಮ್ಮಿಗಾಗಿ ತಮ್ಮ ದೇಶದ ಶವಾಂಟೆ ಬುಡಕಟ್ಟಿನ ಹಳ್ಳಿಗೇ ಹೋಗಿ, ಅವರ ಜೊತೆ ಕುಳಿತು ಹಾಡು ಹಿಡಿದು ತಂದಿತು. ಆಲ್ಬಮ್ಮಿನ ಹೆಸರೇ 'ಬೇರುಗಳು'! 2019ರಲ್ಲಿ ಮಂಗೋಲಿಯಾದ 'ದ ಹೂ' ತಂಡ ಕುದುರೆತಲೆಯ ಪಿಟೀಲು ಹಿಡಿದು ಮಂಗೋಲಿಯನ್ ನುಡಿಯಲ್ಲಿ ಹಾಡಿ ಜಗತ್ತು ಸುತ್ತಿತು. ದೂರ ಯಾಕೆ, ಪಕ್ಕದ ಕೇರಳದ ಅವಿಯಲ್ ತಂಡ 2008ರಲ್ಲೇ ಮಲಯಾಳದಲ್ಲಿ ರಾಕ್ ಆಲ್ಬಂ ತಂದಿತು. ದಿಲ್ಲಿಯ ಬ್ಲಡಿವುಡ್ ಹಿಂದಿ, ಪಂಜಾಬಿ ಬೆರೆಸಿ 2019ರಲ್ಲಿ ಅದೇ ವಾಕೆನ್ ವೇದಿಕೆ ಹತ್ತಿತು. ಎಲ್ಲರಿಗೂ ಹೊಂದಿತು. ಕನ್ನಡಕ್ಕೆ ಮಾತ್ರ ಹೊಂದುವುದಿಲ್ಲವೇ, ಸ್ವಾಮಿ?

ಪುರವಂತರನ್ನು ನೋಡಿದ್ದೀರಾ?

ಕನ್ನಡಕ್ಕೆ ಅಬ್ಬರಿಸಲು ಬರುವುದಿಲ್ಲ ಎನ್ನುವವರು ನಮ್ಮ ಹಾವೇರಿ ಸೀಮೆಯ ಒಂದು ಜಾತ್ರೆಗೆ ಬರಲಿ. ವೀರಭದ್ರನ ಮುಂದೆ ಪುರವಂತರು ಖಡ್ಗ ಹಿಡಿದು ನಿಂತು ಒಡಪು ಹೇಳುವುದನ್ನು ಕೇಳಲಿ. ಹೊಕ್ಕಳಿನಿಂದ ಎದ್ದು ಬರುವ ದನಿ! ಒಂದು ಸಾಲು ಒದರಿ ನಿಲ್ಲಿಸಿದ ಕೂಡಲೇ ಸಮಾಳದ ಏಟು, ಮತ್ತೆ ಸಾಲು, ಮತ್ತೆ ಏಟು. ಕಥೆಯಾದರೂ ಏನು? ದಕ್ಷನ ಯಜ್ಞ ಹಾಳುಗೆಡವಿ ತಲೆ ಕತ್ತರಿಸಿದ ಕಥೆ. ಕೆನ್ನೆಗೆ ಶಸ್ತ್ರ ಚುಚ್ಚಿಕೊಂಡು ಕುಣಿಯುವವರ ಮುಂದೆ ವಾಕೆನ್‌ನ ಯಾವ ಉದ್ದಗೂದಲಿನವನು ನಿಲ್ಲುತ್ತಾನೆ ಹೇಳಿ! ಧಗಧಗ, ದಡದಡ, ಗಡಗಡ, ಭೋರ್ಗರೆತ. ಸದ್ದಿಗೆ ಇಷ್ಟು ಪದ ಕಟ್ಟಿದ ನುಡಿಗೆ ಸದ್ದು ಮಾಡಲು ಬರುವುದಿಲ್ಲವೇ? ಒತ್ತಕ್ಷರದ ಏಟು ಸಾಲದೇ?

ಇನ್ನು ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫಜ್ಜ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿದವರು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಹೀಗೆ ಮನೆಯ ಸಾಮಾನನ್ನೇ ಹಾಡು ಮಾಡಿದರು. 2008ರಲ್ಲಿ ರಘು ದೀಕ್ಷಿತ್ ಆ ಎರಡೂ ಪದಗಳನ್ನು ಗಿಟಾರು ಡ್ರಮ್ಸ್ ಸೇರಿಸಿ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಹಾಡಿದರು. ಅದು ಮೆಟಲ್ ಅಲ್ಲ ನಿಜ. ಆದರೆ ಷರೀಫಜ್ಜನ ಮಾತು ಕರೆಂಟಿನ ಗಿಟಾರಿಗೆ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆ ಅಂದೇ ಮುಗಿಯಿತು. ಆ ತಂಡ 2011ರಲ್ಲಿ ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಪಡೆಯಿತು. ಕನ್ನಡ ಬಿಟ್ಟರೆ ಮಾತ್ರ ಹೊರದೇಶ ಬಾಗಿಲು ತೆರೆಯುತ್ತದೆ ಎಂಬುದು ಶುದ್ಧ ಸುಳ್ಳು.

ಸಂಸ್ಕೃತಿ ರಕ್ಷಕರಿಗೆ ಎರಡು ಮಾತು

"ಇದು ದುಡ್ಡಿದ್ದವರ ಮಕ್ಕಳ ಚಟ, ನಮ್ಮ ಸಂಸ್ಕೃತಿಯಲ್ಲ" ಎನ್ನುವ ಹಿರಿಯರೇ, ಈ ಸಂಗೀತ ಹುಟ್ಟಿದ್ದು ಎಲ್ಲಿ ಗೊತ್ತೇ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಬ್ಲ್ಯಾಕ್ ಸಬಾತ್ ತಂಡದ ಟೋನಿ ಐಯೋಮಿ ತಗಡಿನ ಕಾರ್ಖಾನೆಯ ಕೂಲಿ. ಕೆಲಸದ ಕೊನೆಯ ದಿನ ಯಂತ್ರಕ್ಕೆ ಎರಡು ಬೆರಳಿನ ತುದಿ ಹೋಯಿತು. ನಮ್ಮ ಟ್ರೆಡಲ್ ಯಂತ್ರಕ್ಕೆ ಬೆರಳು ಕೊಟ್ಟವರನ್ನು ನಾನು ಬಲ್ಲೆ. ಆ ನೋವು ಎಂಥದ್ದೆಂದು ನನಗೆ ಯಾರೂ ಹೇಳಬೇಕಿಲ್ಲ. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ತೊಪ್ಪಿಗೆ ಮಾಡಿಕೊಂಡ, ತಂತಿ ಸಡಿಲಿಸಿಕೊಂಡ, ನುಡಿಸಿದ. ಆ ತಂಡದ ಮೊದಲ ಆಲ್ಬಂ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಣವಾಗಿ 1970ರ ಫೆಬ್ರವರಿಯಲ್ಲಿ ಹೊರಬಂತು. ದೊಡ್ಡ ವಿಮರ್ಶಕರು ಉಗಿದರು, ಕೂಲಿಕಾರರ ಮಕ್ಕಳು ಕೊಂಡರು. ಆ ತಂಡದ ಹಾಡುಗಾರ ಓಝಿ ಆಸ್ಬರ್ನ್ 2025ರ ಜುಲೈನಲ್ಲಿ ತೀರಿಕೊಂಡಾಗ ಇಡೀ ಬರ್ಮಿಂಗ್‌ಹ್ಯಾಮ್ ಬೀದಿಗೆ ಬಂದು ಕಳಿಸಿಕೊಟ್ಟಿತು. ಇದು ದುಡಿಯುವವರ ಸಿಟ್ಟಿನ ಹಾಡು. ದುಡಿಯುವವರು ನಮ್ಮಲ್ಲಿ ಕಡಿಮೆಯೇ?

ಗಣಪತಿ ಕಳಿಸುವಾಗ ಡಿಜೆ ತಂದು ಹಿಂದಿ ಸಿನಿಮಾ ಹಾಡಿಗೆ ರಾತ್ರಿಯೆಲ್ಲ ಕುಣಿಸುವವರು ಗಿಟಾರ್ ಕಂಡರೆ ಸಂಸ್ಕೃತಿ ಎನ್ನುತ್ತಾರೆ. ಸದ್ದು ನಿಮಗೆ ತೊಂದರೆಯಲ್ಲ ಬಿಡಿ. ಹುಡುಗರು ಸ್ವಂತ ಏನಾದರೂ ಮಾಡುವುದೇ ತೊಂದರೆ!

ಆಗಬೇಕಾದ್ದು ಇಷ್ಟು

ಒಂದು: ಬೆಂಗಳೂರಿನ ಮೆಟಲ್ ತಂಡಗಳೇ, ನಿಮ್ಮ ಇಂಗ್ಲಿಷ್ ಹಾಡು ನಿಲ್ಲಿಸಿ ಎಂದು ಯಾರೂ ಬಂದು ನಿಮ್ಮ ವೇದಿಕೆ ಮುರಿಯಬಾರದು. ಮುರಿಯಲು ಬಂದರೆ ನಾನೇ ಅಡ್ಡ ನಿಲ್ಲುತ್ತೇನೆ. ಕೇಳುವುದು ಇಷ್ಟೇ: ಒಂದು ಆಲ್ಬಮ್ಮಿಗೆ ಒಂದು ಹಾಡು. ಎಂಟು ಹಾಡಿನಲ್ಲಿ ಒಂದರ ಕಪ್ಪು ಪ್ಲೇಟು ಬದಲಿಸಿ. ಉಳಿದ ಮೂರು ಪ್ಲೇಟು ಹಾಗೇ ಇರಲಿ.

ಎರಡು: ಕನ್ನಡ ಸಂಘಗಳೇ, ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷಣ ಒಂದು ತಾಸು ಕಡಿಮೆ ಮಾಡಿ. ಆ ತಾಸನ್ನು ಕನ್ನಡದಲ್ಲಿ ಹಾಡುವ ಹುಡುಗರಿಗೆ 'ಎಷ್ಟು ಜೋರಾದರೂ ಬಾರಿಸಿ' ಎಂದು ಕೊಡಿ. ಮುಂದಿನ ಸಾಲಿನಲ್ಲಿ ಕಿವಿ ಮುಚ್ಚಿಕೊಂಡಾದರೂ ಕುಳಿತು ಕೇಳಿ.

ಮೂರು: ಕನ್ನಡ ಪತ್ರಿಕೆಗಳೇ, ಈ ನೆಲದಲ್ಲಿ ಹುಟ್ಟಿದ ಆಲ್ಬಂ ಯಾವ ಭಾಷೆಯದಾದರೂ ಕನ್ನಡದಲ್ಲಿ ವಿಮರ್ಶೆ ಬರೆಯಿರಿ. ಬೈಯಿರಿ ಬೇಕಾದರೆ. ಕನ್ನಡದಲ್ಲಿ ಬೈಸಿಕೊಂಡವನಿಗೆ ಕನ್ನಡದಲ್ಲಿ ಕೇಳುವವರಿದ್ದಾರೆ ಎಂದಾದರೂ ಗೊತ್ತಾಗುತ್ತದೆ.

ನಾಲ್ಕು: ಹಾವೇರಿ ಜಿಲ್ಲೆಯ ಹುಡುಗ ಹುಡುಗಿಯರೇ, ಪುರವಂತರ ಪಕ್ಕ ಒಂದು ದಿನ ಕುಳಿತು ಬನ್ನಿ. ಡೊಳ್ಳಿನವರನ್ನು ಕರೆದು ಡ್ರಮ್ಸ್ ಪಕ್ಕ ನಿಲ್ಲಿಸಿ. ಕಬ್ಬಿನ ಬಾಕಿ, ಮೆಕ್ಕೆಜೋಳದ ಬೆಲೆ, ಬಾರದ ಬಸ್ಸು, ಸಿಗದ ನೌಕರಿ. ಸಿಟ್ಟಿಗೆ ವಸ್ತು ಕಡಿಮೆಯೇ ನಿಮಗೆ? ಬೇರೆಯವರ ದೆವ್ವ, ಬೇರೆಯವರ ನರಕ ಸಾಲ ತರುವುದೇಕೆ?

ಮುದ್ದು ಮಾಡಲು ಒಂದು ಭಾಷೆ, ಸಿಟ್ಟು ಮಾಡಲು ಇನ್ನೊಂದು ಭಾಷೆ ಎಂದಾದರೆ, ತಿಳಿದುಕೊಳ್ಳಿ, ಮೊದಲನೆಯದು ಅಜ್ಜಿಯ ಜೊತೆಗೇ ಹೋಗುತ್ತದೆ. ಕನ್ನಡ ಅಜ್ಜಿಯ ಜೊತೆ ಹೋಗಬಾರದು. ಮೊಮ್ಮಗನ ಗಂಟಲು ಹರಿಯುವಂತೆ ಕೂಗಬೇಕು.

ಹಿರೇಕೆರೂರು ಸೀಮೆಯಲ್ಲಿ ಯಾರೇ ಹುಡುಗರು ತಂಡ ಕಟ್ಟಿ ಸ್ವಂತ ಕನ್ನಡ ಹಾಡು ಮಾಡಿದರೆ, ಅವರ ಮೊದಲ ಐನೂರು ಪೋಸ್ಟರ್ ನನ್ನ ಮುದ್ರಣಾಲಯದಲ್ಲಿ ಪುಕ್ಕಟೆ. ಕಾಗದವೂ ನನ್ನದೇ, ಮಸಿಯೂ ನನ್ನದೇ. ಅಕ್ಷರ ಮಾತ್ರ ದೂರದಿಂದ ಕಾಣುವಷ್ಟು ದಪ್ಪ ಇರಬೇಕು, ಕನ್ನಡದ್ದಿರಬೇಕು. ಭಜನಾ ಮಂಡಳಿ ಎಂದು ಯಾರೂ ತಿಳಿಯದಂತೆ ಅಚ್ಚು ಹಾಕುವ ಹೊಣೆ ನನ್ನದು!